ಚರ್ಚಾ ಸ್ಪರ್ಧೆಗೆ ವಿಷಯ ಆರಿಸೋದು ಅಂದ್ರೆ...

ನಮ್ಮ ಶಾಲೆಯ ಅಂತರಶಾಲಾ ಚರ್ಚಾ ಸ್ಪರ್ಧೆ ಮುಗಿದು, ಲೆಕ್ಕಪತ್ರ ಒಪ್ಪಿಸಿ, ಈಗಷ್ಟೇ ಉಸಿರು ಬಿಟ್ಟಿದ್ದೇನೆ. ಮೈಕು, ಊಟ, ಶೀಲ್ಡು ಇವೆಲ್ಲ ಹೇಗೋ ಆಗುತ್ತವೆ. ಮಾಡಿ ಅಭ್ಯಾಸ ಇದ್ದವರು ಪ್ರತಿ ಶಾಲೆಯಲ್ಲೂ ಒಬ್ಬರಾದರೂ ಇರುತ್ತಾರೆ. ನನ್ನ ನಿದ್ದೆ ಕೆಡಿಸಿದ್ದು ಎರಡೇ ಎರಡು ಸಾಲು. ಮಕ್ಕಳು ಯಾವ ವಿಷಯದ ಮೇಲೆ ಪರ–ವಿರೋಧ ಮಾತಾಡಬೇಕು ಅನ್ನುವ ಎರಡು ಸಾಲು. ಮುಂದೆ ಯಾರ ತಲೆಗಾದರೂ ಈ ಜವಾಬ್ದಾರಿ ಬಿದ್ದರೆ ಅವರಿಗೆ ಅನುಕೂಲ ಆಗಲಿ ಅಂತ ಬರೆಯುತ್ತಿದ್ದೇನೆ.

ನಾನು ಮಲೆನಾಡಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನದ ಟೀಚರ್. ನಮ್ಮ ಶಾಲೆಯಲ್ಲಿ ಹಳೆಯದೊಂದು ದತ್ತಿ ಇದೆ. ಊರಿನ ವಕೀಲರೊಬ್ಬರ ನೆನಪಿಗೆ ಅವರ ಮನೆಯವರು ಇಟ್ಟ ಹಣ. ಅದರ ಬಡ್ಡಿಯಲ್ಲಿ ಪ್ರತಿ ವರ್ಷ ತಾಲ್ಲೂಕಿನ ಹೈಸ್ಕೂಲು ಮಕ್ಕಳಿಗೆ ಕನ್ನಡದಲ್ಲಿ ಚರ್ಚಾ ಸ್ಪರ್ಧೆ ನಡೆಸಬೇಕು. ದತ್ತಿ ಪತ್ರದಲ್ಲಿ ಷರತ್ತು ಸ್ಪಷ್ಟ: ಮೊದಲ ಸುತ್ತಿಗೆ ನೀತಿಗೆ ಸಂಬಂಧಿಸಿದ ವಿಷಯ, ಅಂತಿಮ ಸುತ್ತಿಗೆ ರಾಜಕೀಯಕ್ಕೆ ಸಂಬಂಧಿಸಿದ ವಿಷಯ. ಕೆಳಗೆ ಅಡಿಗೆರೆ ಎಳೆದು ಇನ್ನೊಂದು ಮಾತು: ಪಕ್ಷ ರಾಜಕೀಯ ಕೂಡದು. ರಾಜಕೀಯ ಬೇಕು, ಪಕ್ಷ ಬೇಡ. ಹೇಳೋದು ಸುಲಭ.

ಜೂನ್‌ನಲ್ಲಿ ಹೆಚ್.ಎಂ. ಸರ್ ಫೈಲು ನನ್ನ ಮೇಜಿನ ಮೇಲಿಟ್ಟು, “ವಿಷಯ ಏನಾದ್ರೂ ಹಾಕಿ ಮೇಡಂ, ಒಂದು ವಾರದಲ್ಲಿ ಸುತ್ತೋಲೆ ಕಳಿಸೋಣ” ಅಂದರು. ಫೈಲಿನಲ್ಲಿ ಹಿಂದಿನ ವರ್ಷಗಳ ವಿಷಯಗಳಿದ್ದವು. ವಿಜ್ಞಾನ ವರವೋ ಶಾಪವೋ. ಮೊಬೈಲ್ ವರವೋ ಶಾಪವೋ. ದೂರದರ್ಶನವೂ ಒಂದು ಕಾಲಕ್ಕೆ ವರವೋ ಶಾಪವೋ ಆಗಿತ್ತು. ಇಂಥ ವಿಷಯದ ತೊಂದರೆ ಏನು ಅಂದರೆ, ಅದು ಪ್ರಬಂಧದ ತಲೆಬರಹ. ಮಗು ಮೂರು ನಿಮಿಷ ಒಳ್ಳೇದು ಹೇಳಿ, ಕೊನೆಯ ಒಂದು ನಿಮಿಷ “ಆದರೆ ಅತಿಯಾದರೆ ಅಮೃತವೂ ವಿಷ” ಅಂದು ಕೈ ಮುಗಿದು ಕೂರುತ್ತದೆ. ಎದುರಿನ ಮಗುವೂ ಅದನ್ನೇ ಹಿಂದುಮುಂದು ಮಾಡಿ ಹೇಳುತ್ತದೆ. ಚರ್ಚೆ ಎಲ್ಲಿ ಬಂತು? ಇನ್ನೊಂದು ಪದೇಪದೇ ಬಂದ ವಿಷಯ ಮರಣದಂಡನೆ. ವಿಷಯವೇನೋ ಗಟ್ಟಿ. ಆದರೆ ಅದರ ಪರ–ವಿರೋಧ ಎರಡೂ ಭಾಷಣ ಯೂಟ್ಯೂಬಿನಲ್ಲಿ ಸಿದ್ಧವಾಗಿ ಸಿಗುತ್ತವೆ. ಹಿಂದೊಮ್ಮೆ ಬೇರೆ ಬೇರೆ ಶಾಲೆಯ ಮಕ್ಕಳು ಒಂದೇ ಕವನದ ಸಾಲಿನಿಂದ ಶುರು ಮಾಡಿ ಒಂದೇ ಜಾಗದಲ್ಲಿ ಕೈ ಎತ್ತಿದ್ದನ್ನು ನಾನೇ ನೋಡಿದ್ದೆ.

ಹಾಗಾಗಿ ಒಂದು ವಾರ ಅಂದದ್ದು ಆಗಸ್ಟ್‌ವರೆಗೂ ಎಳೆಯಿತು.

ಮೊದಲು ಮಾಡಿದ ಕೆಲಸ, 9 ಮತ್ತು 10ನೇ ಕ್ಲಾಸಿನಲ್ಲಿ ಒಂದು ಸ್ಟೀಲ್ ಡಬ್ಬಿ ಇಟ್ಟು “ನಿಮ್ಮ ಮನೇಲಿ ಯಾವ ವಿಷಯಕ್ಕೆ ಜಗಳ ಆಗತ್ತೆ, ಬರೆದು ಹಾಕಿ. ಹೆಸರು ಬೇಡ” ಅಂದದ್ದು. ಇದನ್ನು ಯಾರು ಬೇಕಾದರೂ ಮಾಡಬಹುದು, ಖರ್ಚಿಲ್ಲ. ಮೊಬೈಲು, ಮಾರ್ಕ್ಸು ಬಂದೇ ಬಂದವು. ಅವುಗಳ ನಡುವೆ ಬಂಗಾರದಂಥ ಚೀಟಿಗಳಿದ್ದವು. “ಮಂಗ ಹೊಡೆದರೆ ಪಾಪ ಬರತ್ತಾ?” “ಅಣ್ಣ ವೋಟು ಹಾಕಲ್ಲ ಅಂತಾನೆ, ಅಪ್ಪ ಬೈತಾರೆ.” “ಶಾಲೇಲಿ ಮೊಟ್ಟೆ ಕೊಡೋದು ಸರಿನಾ?” “ಅಮ್ಮಂಗೆ ಬಸ್ ಫ್ರೀ ಅಂತೆ, ನಮ್ಮೂರಿಗೆ ಸರ್ಕಾರಿ ಬಸ್ಸೇ ಬರಲ್ಲ.” ನಾನು ಕೂತು ಯೋಚಿಸಿದ್ದರೆ ಇವುಗಳಲ್ಲಿ ಒಂದೂ ನನಗೆ ಹೊಳೆಯುತ್ತಿರಲಿಲ್ಲ.

ಅದೇ ವಾರ ಟೆಕ್ಸಾಸ್‌ನಲ್ಲಿರುವ ತಂಗಿಯ ಮಗಳು ಫೋನ್ ಮಾಡಿದ್ದಳು. ಅವಳು ಅಲ್ಲಿ ಹೈಸ್ಕೂಲು ಡಿಬೇಟ್ ಮಾಡುತ್ತಾಳೆ. “ದೊಡ್ಡಮ್ಮಾ, ಇಲ್ಲಿ ವಿಷಯ ನಮ್ಮ ಶಾಲೆ ಆರಿಸಲ್ಲ” ಅಂದಳು. ಅಲ್ಲಿ ನ್ಯಾಷನಲ್ ಸ್ಪೀಚ್ ಅಂಡ್ ಡಿಬೇಟ್ ಅಸೋಸಿಯೇಷನ್ ಅಂತ ಇದೆ, 1925ರಲ್ಲಿ ಶುರುವಾದದ್ದು. ಒಬ್ಬರಿಗೊಬ್ಬರು ಎದುರು ನಿಂತು ಮಾಡುವ ಲಿಂಕನ್–ಡಗ್ಲಸ್ ಅನ್ನುವ ಬಗೆಯಲ್ಲಿ ನೀತಿ, ನ್ಯಾಯದ ವಿಷಯಗಳೇ ಇರುತ್ತವೆ. 1858ರಲ್ಲಿ ಲಿಂಕನ್ ಮತ್ತು ಡಗ್ಲಸ್ ಸೆನೆಟ್ ಸ್ಥಾನಕ್ಕಾಗಿ ಇಲಿನಾಯ್ಸ್‌ನಲ್ಲಿ ಗುಲಾಮಗಿರಿಯ ಬಗ್ಗೆ 7 ಕಡೆ ವಾದ ಮಾಡಿದ್ದರಲ್ಲ, ಆ ಹೆಸರು. ಒಂದು ಸಮಿತಿ ವಿಷಯಗಳ ಪಟ್ಟಿ ಮಾಡುತ್ತದೆ, ತರಬೇತುದಾರರೂ ಮಕ್ಕಳೂ ವೋಟು ಹಾಕುತ್ತಾರೆ. ಎರಡೆರಡು ತಿಂಗಳಿಗೆ ವಿಷಯ ಬದಲು. ಹೊಸ ಮಕ್ಕಳಿಗೆ ಅಂತ ಒಂದು ವಿಷಯ ಇದೆಯಂತೆ: ಪ್ರಜಾಪ್ರಭುತ್ವದಲ್ಲಿ ಕಾನೂನುಭಂಗ ಚಳವಳಿ ನೈತಿಕವಾಗಿ ಸರಿ. ಗಾಂಧಿ ಹುಟ್ಟಿದ ದೇಶದ ನಾವು ಹೈಸ್ಕೂಲಿನಲ್ಲಿ ಈ ವಿಷಯ ಇಟ್ಟದ್ದು ನಾನಂತೂ ಕೇಳಿಲ್ಲ!

ಅವಳು ಹೇಳಿದ್ದರಲ್ಲಿ ನನಗೆ ತಟ್ಟಿದ್ದು ಇನ್ನೊಂದು. ಅಲ್ಲಿ ಒಂದೇ ಮಗು ಒಂದು ಸುತ್ತಿನಲ್ಲಿ ಪರ, ಮುಂದಿನ ಸುತ್ತಿನಲ್ಲಿ ಅದೇ ವಿಷಯಕ್ಕೆ ವಿರೋಧ ಮಾತಾಡಬೇಕು. ಅಂದಮೇಲೆ ವಿಷಯ ಎರಡೂ ಕಡೆ ತೂಗಬೇಕು. ನಮ್ಮಲ್ಲಿ ಪ್ರತಿ ಶಾಲೆಯಿಂದ ಒಂದು ಮಗು ಪರ, ಒಂದು ಮಗು ವಿರೋಧ ಬರುವ ಪದ್ಧತಿ. ಗಟ್ಟಿ ಮಾತುಗಾರ ಮಗುವಿಗೆ ಸುಲಭದ ಕಡೆ ಕೊಟ್ಟು, ಇನ್ನೊಂದನ್ನು ಜೊತೆಗೆ ಕಳಿಸುತ್ತೇವೆ. ಮೊದಲ ಸುತ್ತನ್ನು ಹಾಗೇ ಬಿಟ್ಟೆ. ಅಂತಿಮ ಸುತ್ತಿಗೆ ಮಾತ್ರ ಪರವೋ ವಿರೋಧವೋ ಅಂತ ಚೀಟಿ ಎತ್ತಿಸುವುದು, ತಯಾರಿಗೆ ಅರ್ಧ ಗಂಟೆ ಕೊಡುವುದು ಅಂತ ನಿರ್ಧಾರವಾಯಿತು. ಅಂದರೆ ಯಾವ ಮಗುವಿಗೆ ಯಾವ ಕಡೆ ಬರುತ್ತದೋ ಗೊತ್ತಿಲ್ಲ. ಇಲ್ಲಿಂದ ವಿಷಯ ಆರಿಸುವ ಕೆಲಸದ ಬಣ್ಣವೇ ಬದಲಾಯಿತು.

ಮೊಟ್ಟೆಯ ವಿಷಯವನ್ನೇ ತಗೊಳ್ಳಿ. ನೀತಿಯೂ ಹೌದು, ರಾಜಕೀಯವೂ ಹೌದು, ಮಕ್ಕಳ ತಟ್ಟೆಯದ್ದೇ ಪ್ರಶ್ನೆ. ಪೌಷ್ಟಿಕತೆಯ ಲೆಕ್ಕ ಇದೆ, ನಂಬಿಕೆಯ ಲೆಕ್ಕ ಇದೆ. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯ ವಿಷಯ ಬೇಕಾ? ಪ್ರಯತ್ನಕ್ಕೆ ಅಂತ ಒಂದು ಮಧ್ಯಾಹ್ನ ನನ್ನ ಕ್ಲಾಸಿನಲ್ಲೇ ಚೀಟಿ ಎತ್ತಿಸಿದೆ. ದಿನಾ ಮೊಟ್ಟೆಯ ಬದಲು ಬಾಳೆಹಣ್ಣು ತಗೊಳ್ಳುವ ಒಬ್ಬಳಿಗೆ “ಪರ” ಬಂತು. ಅವಳು ಎದ್ದು ನಿಂತಳು, ಎರಡು ವಾಕ್ಯ ಹೇಳಿದಳು. ಹಿಂದಿನ ಬೆಂಚಿನಿಂದ “ಹಂಗಾದ್ರೆ ನಾಳೆಯಿಂದ ತಿನ್ನು” ಅಂತ ಒಂದು ದನಿ. ಎಲ್ಲರೂ ನಕ್ಕರು. ಅವಳೂ ನಕ್ಕಳು, ಆದರೆ ಕೈಲಿದ್ದ ಚೀಟಿಯನ್ನು ಚಿಕ್ಕದಾಗಿ ಮಡಿಸುತ್ತಲೇ ಇದ್ದಳು. ಮುಂದೆ ಮಾತು ಹೊರಡಲಿಲ್ಲ. ಯಾರು ಏನು ತಿನ್ನುತ್ತಾರೆ ಅನ್ನುವುದು ಊರಿಗೆಲ್ಲ ಗೊತ್ತಿರುವ ಕಡೆ, ಆ ಮಗು ಮಾತಾಡುತ್ತಿರುವುದು ವಿಷಯದ ಬಗ್ಗೆ ಅಂತ ಯಾರೂ ಕೇಳುವುದಿಲ್ಲ. ಅವಳ ಮನೆಯ ಬಗ್ಗೆ ಅಂತಲೇ ಕೇಳುತ್ತಾರೆ. ಕಾಲೇಜು ಮಕ್ಕಳಿಗೆ ಈ ವಿಷಯ ಕೊಡಿ, ಬೇಡ ಅನ್ನಲ್ಲ. ನಮ್ಮ ಹಾಲ್‌ಗೆ ಬೇಡ ಅಂತ ಕೈಬಿಟ್ಟೆ. ಮೀಸಲಾತಿ ವಿಷಯವನ್ನೂ ಇದೇ ಕಾರಣಕ್ಕೆ ಪಕ್ಕಕ್ಕಿಟ್ಟೆ. ಅದರ ಬಗ್ಗೆ ಕ್ಲಾಸಿನಲ್ಲಿ ಪಾಠ ಮಾಡುತ್ತೇನೆ, ಪ್ರಶ್ನೆಗೆ ಉತ್ತರ ಕೊಡುತ್ತೇನೆ. ಆದರೆ ಯಾವುದೋ ಮಗುವಿಗೆ ತನ್ನ ಸೀಟಿನ ವಿರುದ್ಧವೇ ಮೈಕ್ ಮುಂದೆ ನಿಂತು ಮಾತಾಡು ಅನ್ನುವುದು ನನ್ನ ಕೈಲಾಗದ ಕೆಲಸ.

ಬಸ್ಸಿನ ವಿಷಯ ಮಕ್ಕಳಿಗೆ ತುಂಬ ಇಷ್ಟವಾಗಿತ್ತು. ಮಹಿಳೆಯರಿಗೆ ಉಚಿತ ಪ್ರಯಾಣದ ಶಕ್ತಿ ಯೋಜನೆ 2023ರ ಜೂನ್ 11ಕ್ಕೆ ಶುರುವಾಯಿತು. ನಮ್ಮ ಕಡೆ ಹಳ್ಳಿ ರೂಟುಗಳಲ್ಲಿ ಪ್ರೈವೇಟ್ ಬಸ್ಸೇ ಜಾಸ್ತಿ. ಆದ್ದರಿಂದ ಮಕ್ಕಳ ಹತ್ತಿರ ಪತ್ರಿಕೆಯಲ್ಲಿ ಬರದ ವಾದಗಳಿದ್ದವು. “ಸರ್ಕಾರ ಉಚಿತ ಯೋಜನೆಗಿಂತ ಸೌಲಭ್ಯ ಹೆಚ್ಚಿಸಲು ಹಣ ಖರ್ಚು ಮಾಡಬೇಕು” ಅಂತ ವಾಕ್ಯ ಮಾಡಿ, ಉಳಿದವುಗಳ ಜೊತೆ ಪಟ್ಟಿಗೆ ಹಾಕಿ, ಒಪ್ಪಿಗೆಗೆ ಅಂತ ಶಿಕ್ಷಣ ಇಲಾಖೆಯ ಕಚೇರಿಗೆ ಕಳಿಸಿದೆವು.

ಇಲ್ಲಿ ಕಾಯುವ ಕಥೆ ಶುರು. ಬೇರೆ ಶಾಲೆಯ ಶಿಕ್ಷಕರಿಗೆ ಒಒಡಿ, ಅಂದರೆ ಶಾಲೆಯ ಹೊರಗಿನ ಕರ್ತವ್ಯಕ್ಕೆ ಬರಲು ಅನುಮತಿ, ಸಿಗಬೇಕು ಅಂದರೆ ಇಲಾಖೆಯ ಸುತ್ತೋಲೆ ಬೇಕು. ಸುತ್ತೋಲೆ ಬೇಕು ಅಂದರೆ ವಿಷಯ ಒಪ್ಪಿಗೆಯಾಗಬೇಕು. ಪತ್ರ ಕೊಟ್ಟು ಇನ್‌ವರ್ಡ್ ನಂಬರ್ (ಪತ್ರ ತಲುಪಿದ ದಾಖಲೆ ಸಂಖ್ಯೆ) ಬರೆಸಿಕೊಂಡು ಬಂದೆ. ಈ ನಂಬರನ್ನು ಮಾತ್ರ ಮರೆಯದೆ ಬರೆಸಿಕೊಳ್ಳಿ, ಜೊತೆಗೆ ನಿಮ್ಮ ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ. ನಮ್ಮ ಪತ್ರ ಯಾವುದೋ ಬೇರೆ ಫೈಲಿನೊಳಗೆ ಸೇರಿಕೊಂಡಿತ್ತು. ಆ ನಂಬರ್ ಇಲ್ಲದಿದ್ದರೆ ಮತ್ತೆ ಮೊದಲಿಂದ ಅರ್ಜಿ ಬರೆಯಬೇಕಿತ್ತು. ಅಷ್ಟರಲ್ಲಿ ಇಲಾಖೆಯದೇ ಪ್ರತಿಭಾ ಕಾರಂಜಿ ಸ್ಪರ್ಧೆಗಳ ಗಡಿಬಿಡಿ ಶುರುವಾಯಿತು. ಆಮೇಲೆ ಯಾರೂ ನಮ್ಮ ಮಾತು ಕೇಳುವ ಸ್ಥಿತಿಯಲ್ಲಿರಲಿಲ್ಲ.

ಕೊನೆಗೆ ಕಚೇರಿಯ ಅಧಿಕಾರಿಯಿಂದ ಕರೆ ಬಂತು. “ಏನ್ ಮೇಡಂ, ಸರ್ಕಾರದ ಯೋಜನೆ ವಿರುದ್ಧ ಮಕ್ಕಳ ಬಾಯಲ್ಲಿ ಮಾತಾಡಿಸ್ತೀರಾ? ನಾಳೆ ಯಾರಾದ್ರೂ ವಿಡಿಯೋ ಮಾಡಿ ಹಾಕಿದ್ರೆ ನನಗೂ ನೋಟಿಸ್, ನಿಮಗೂ ನೋಟಿಸ್.” ವಿಷಯದಲ್ಲಿ ಪರ ಇದ್ದಷ್ಟೇ ವಿರೋಧವೂ ಇದೆ ಸರ್ ಅಂದೆ. “ಅದು ನಿಮಗೆ ಗೊತ್ತು, ವಿಡಿಯೋಗೆ ಗೊತ್ತಿರಲ್ಲ” ಅಂದರು. ಕೋಪ ಬಂತು ನಿಜ. ಮನೆಗೆ ಬಂದು ಯೋಚಿಸಿದಾಗ ಅವರ ಭಯವೂ ಸುಳ್ಳಲ್ಲ ಅನ್ನಿಸಿತು. ನಾಲ್ಕು ನಿಮಿಷದ ಮಾತಿನಲ್ಲಿ ಇಪ್ಪತ್ತು ಸೆಕೆಂಡು ಕತ್ತರಿಸಿದರೆ ಮಗುವಿನ ಮುಖ ಮಾತ್ರ ಉಳಿಯುತ್ತದೆ, ಚೀಟಿ ಎತ್ತಿದ್ದು ಕಾಣುವುದಿಲ್ಲ. ಸರ್ಕಾರಿ ನೌಕರರಾದ ನಮಗೆ ನಡತೆ ನಿಯಮಗಳೂ ಇವೆ. ದತ್ತಿ ಪತ್ರದ “ಪಕ್ಷ ರಾಜಕೀಯ ಕೂಡದು” ಅನ್ನುವ ಸಾಲು ಕೂಡ ಇಲ್ಲೇ ಕಾಲು ಹಿಡಿಯಿತು. ಯೋಜನೆಯ ಹೆಸರು ಹೇಳದಿದ್ದರೂ ಅದು ಯಾವ ಪಕ್ಷದ ಭರವಸೆ ಅಂತ ಎಲ್ಲರಿಗೂ ಗೊತ್ತು. ಬಸ್ಸು ಪಟ್ಟಿಯಿಂದ ಇಳಿಯಿತು.

ಹಾಗಾದರೆ ರಾಜಕೀಯ ಅಂದರೆ ಉಳಿದದ್ದೇನು? ನಾನು ಹುಡುಕಿಕೊಂಡ ದಾರಿ ಇದು: ಯಾವ ಪ್ರಶ್ನೆಗೆ ಒಂದೇ ಪಕ್ಷದೊಳಗಿನ ಇಬ್ಬರು ಬೇರೆ ಬೇರೆ ಉತ್ತರ ಕೊಡಬಹುದೋ, ಅಂಥ ಪ್ರಶ್ನೆ. ವ್ಯವಸ್ಥೆ ಹೇಗಿರಬೇಕು ಅನ್ನುವ ಪ್ರಶ್ನೆ, ಯಾರು ಆಳಬೇಕು ಅನ್ನುವುದಲ್ಲ. ಹಾಗೆ ಸೋಸಿದಾಗ ಎರಡು ಉಳಿದವು. ಒಂದು, ಮತದಾನ ಕಡ್ಡಾಯವಾಗಬೇಕು. ಇನ್ನೊಂದು, ಮತದಾನದ ವಯಸ್ಸನ್ನು 16ಕ್ಕೆ ಇಳಿಸಬೇಕು.

ಎರಡಕ್ಕೂ ಒಂದು ಪರೀಕ್ಷೆ ಮಾಡಿದೆ. ನೋಟ್‌ಬುಕ್ಕಿನ ಹಾಳೆಗೆ ನಡುವೆ ಗೆರೆ ಎಳೆದು, ಎಡಕ್ಕೆ ಪರ, ಬಲಕ್ಕೆ ವಿರೋಧ, ಎರಡೂ ಕಡೆ ಐದೈದು ಅಂಶ ಬರೆಯುವುದು. ಒಂದು ಕಡೆ ಐದು ಬಂದು ಇನ್ನೊಂದು ಕಡೆ ಎರಡಕ್ಕೇ ಪೆನ್ನು ನಿಂತರೆ ಆ ವಿಷಯ ಬೇಡ. ಕಡ್ಡಾಯ ಮತದಾನಕ್ಕೆ ಅಂಶ ಸಿಕ್ಕಿದವು. ಆಸ್ಟ್ರೇಲಿಯಾದಲ್ಲಿ 1924ರಿಂದ ಇದೆ. ಗುಜರಾತ್ ಸ್ಥಳೀಯ ಸಂಸ್ಥೆಗಳಿಗೆ ಅಂತ ಕಾನೂನು ಮಾಡಿತ್ತು, 2015ರಲ್ಲಿ ಅಲ್ಲಿನ ಹೈಕೋರ್ಟ್ ತಡೆ ಕೊಟ್ಟಿತು. 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಮತಯಂತ್ರಕ್ಕೆ ಯಾರೂ ಬೇಡ ಅನ್ನುವ ನೋಟಾ ಗುಂಡಿಯೂ ಬಂದಿದೆ. ಆದರೆ ವಿರೋಧದ ಕಡೆಯ ವಾದ ಎಲ್ಲ ದಂಡ ಎಷ್ಟು, ವಸೂಲಿ ಹೇಗೆ, ಬೆಂಗಳೂರಿಗೆ ದುಡಿಯಲು ಹೋದವರು ಬರೋದು ಹೇಗೆ ಅನ್ನುವ ಕಡೆಗೇ ಎಳೆಯಿತು. ಜಾರಿಯ ಗೋಳು. ತತ್ವದ ಜಗಳ ಕಮ್ಮಿ. ಇದನ್ನು ಮೀಸಲು ವಿಷಯ ಮಾಡಿದೆ. ಒಂದು ಮೀಸಲು ವಿಷಯ ಇಟ್ಟುಕೊಂಡೇ ಪತ್ರ ಕಳಿಸಿ. ಮೇಲಿಂದ ಒಂದು ಬೇಡ ಅಂದಾಗ ಮತ್ತೆ ಮೊದಲಿಂದ ಕಾಯುವುದು ತಪ್ಪುತ್ತದೆ.

16ರ ವಿಷಯ ಬೇರೆಯೇ ಆಗಿತ್ತು. ನಮ್ಮ ದೇಶದಲ್ಲಿ 21 ಇದ್ದದ್ದನ್ನು 61ನೇ ತಿದ್ದುಪಡಿ ಮಾಡಿ 1989ರಲ್ಲಿ 18ಕ್ಕೆ ಇಳಿಸಿದರು. ಒಮ್ಮೆ ಇಳಿದದ್ದು ಮತ್ತೆ ಯಾಕೆ ಇಳಿಯಬಾರದು? ಆಸ್ಟ್ರಿಯಾ 2007ರಲ್ಲೇ 16 ಮಾಡಿದೆ. ಮೇಲಾಗಿ ಇದು ವೇದಿಕೆ ಮೇಲೆ ನಿಲ್ಲುವ ಮಕ್ಕಳ ವಯಸ್ಸಿನದ್ದೇ ಪ್ರಶ್ನೆ. ಜಾತಿ, ಊಟ, ದೇವರು, ಅಪ್ಪನ ಪಕ್ಷ ಯಾವುದೂ ಅಡ್ಡ ಬರುವುದಿಲ್ಲ.

ನೀತಿಯ ವಿಷಯಕ್ಕೆ ಮಂಗನ ಚೀಟಿ ಹಿಡಿದುಕೊಂಡೆ. ಅಡಿಕೆ ಸೀಮೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಮಂಗನ ಹಿಂಡು ತೋಟಕ್ಕೆ ಇಳಿದರೆ ಎಳೆ ಅಡಿಕೆ, ಬಾಳೆ, ಏಲಕ್ಕಿ ಯಾವುದೂ ಉಳಿಯಲ್ಲ. ಹೊಡೆಯೋಣ ಅಂದರೆ ಹನುಮಂತ ಅಂತ ಕೈ ತಡೆಯುತ್ತದೆ, ಕಾನೂನೂ ಇದೆ. ನಾನು ಮೊದಲು ಬರೆದ ವಾಕ್ಯ: “ಬೆಳೆ ಹಾಳು ಮಾಡುವ ಮಂಗಗಳನ್ನು ಕೊಲ್ಲಲು ರೈತರಿಗೆ ಹಕ್ಕು ಇರಬೇಕು.” ಸ್ಟಾಫ್ ರೂಮಿನಲ್ಲಿ ಓದಿದೆ. ವಿಜ್ಞಾನದ ಮೇಷ್ಟ್ರು ಟೀ ಲೋಟ ಕೆಳಗಿಟ್ಟು, “ಇದು ನೀತಿ ಪ್ರಶ್ನೆ ಅಲ್ಲ ಮೇಡಂ, ಕಾನೂನಿನ ಪ್ರಶ್ನೆ. ಮಕ್ಕಳು 1972ರ ವನ್ಯಜೀವಿ ಕಾಯ್ದೆ ಸೆಕ್ಷನ್ ಹೇಳಿಕೊಂಡು ಕೂರ್ತಾರೆ” ಅಂದರು. ನೂರಕ್ಕೆ ನೂರು ಸರಿ. ಹಕ್ಕು ಇರಬೇಕಾ ಅಂದರೆ ಸರ್ಕಾರ ಏನು ಮಾಡಬೇಕು ಅಂತ ವಾದ ಹೋಗುತ್ತದೆ. ತಪ್ಪಾ ಅಂತ ಕೇಳಿದರೆ ನಾನು ಏನು ಮಾಡಬೇಕು ಅಂತ ಒಳಗೆ ತಿರುಗುತ್ತದೆ. ವಾಕ್ಯ ಹೀಗಾಯಿತು: “ಬೆಳೆ ಉಳಿಸಿಕೊಳ್ಳಲು ಕಾಡುಪ್ರಾಣಿಗಳನ್ನು ಕೊಲ್ಲುವುದು ತಪ್ಪಲ್ಲ.” ಮಂಗನ ಹೆಸರು ತೆಗೆದದ್ದಕ್ಕೂ ಕಾರಣ ಇದೆ. ಹಂದಿ, ಕಾಡುಕೋಣ, ಆನೆ ಕಾಟ ಇರುವ ಹಳ್ಳಿಯ ಮಕ್ಕಳಿಗೂ ಮಾತು ಸಿಗಲಿ, ದೇವಸ್ಥಾನದ ಕಡೆಯಿಂದ ಆಕ್ಷೇಪವೂ ಬಾರದಿರಲಿ ಅಂತ.

ಆದರೆ ವಾಕ್ಯದ ಕೊನೆಗೆ “ಅಲ್ಲ” ಬಂದರೆ ಎಚ್ಚರ. ಪರ ಮಾತಾಡುವವರು ಕೊಲ್ಲುವುದರ ಪರವೋ, ತಪ್ಪು ಅನ್ನುವುದರ ಪರವೋ ಅಂತ ಗೊಂದಲವಾಗುತ್ತದೆ. ಎರಡು ಶಾಲೆಯವರು ಫೋನ್ ಮಾಡಿ ಕೇಳಿಯೇ ಕೇಳಿದರು. ಸುತ್ತೋಲೆಯಲ್ಲೇ “ಪರ ಅಂದರೆ ತಪ್ಪಲ್ಲ ಎಂದು ವಾದಿಸುವವರು” ಅಂತ ಒಂದು ಸಾಲು ಸೇರಿಸಿದ್ದು ಕಾಪಾಡಿತು. ಸಾಧ್ಯವಾದರೆ ನೀವು “ಸರಿ” ಅಂತಲೇ ಮುಗಿಸಿ. ನಮ್ಮಲ್ಲಿ “ಕೊಲ್ಲುವುದು ಸರಿ” ಅಂತ ಬ್ಯಾನರ್ ಮೇಲೆ ಬರೆಸಲು ಹೆಚ್.ಎಂ. ಸರ್ ಒಪ್ಪಲಿಲ್ಲ. ಅವರನ್ನು ದೂರುವುದಿಲ್ಲ.

ವಿಷಯ ಒಪ್ಪಿಗೆಯಾಗಿ ಬಂದ ಮೇಲೆ ಇನ್ನೊಂದು ತಲೆನೋವು ಕಾಣಿಸಿತು. ಪೇಟೆಯ ಮಕ್ಕಳಿಗೆ ಇಂಟರ್‌ನೆಟ್ ಇದೆ, ಇಂಗ್ಲಿಷ್ ಓದುತ್ತಾರೆ. ನೆಟ್‌ವರ್ಕ್‌ಗೆ ಗುಡ್ಡ ಹತ್ತಬೇಕಾದ ಹಳ್ಳಿಯ ಮಗು ಎಲ್ಲಿಂದ ಓದಬೇಕು? ಅದಕ್ಕೇ ಎರಡೂ ವಿಷಯಕ್ಕೆ ಎರಡೆರಡು ಪುಟದ ಮಾಹಿತಿ ಹಾಳೆ ಮಾಡಿ ಸುತ್ತೋಲೆ ಜೊತೆಗೇ ಎಲ್ಲ ಶಾಲೆಗೂ ಕಳಿಸಿದೆ. ವಾದ ಬರೆಯಲಿಲ್ಲ, ಸಂಗತಿ ಮಾತ್ರ. 2016ರಲ್ಲಿ ಶಿಮ್ಲಾದಲ್ಲಿ ಒಂದು ಜಾತಿಯ ಮಂಗಗಳನ್ನು ಹಾನಿಕಾರಕ ಪ್ರಾಣಿ ಅಂತ ಕೇಂದ್ರ ಸರ್ಕಾರ ಘೋಷಿಸಿದ್ದು, 2022ರಲ್ಲಿ ಕೇರಳದಲ್ಲಿ ಕಾಡುಹಂದಿ ಕೊಲ್ಲಲು ಅನುಮತಿ ಕೊಡುವ ಅಧಿಕಾರ ಪಂಚಾಯಿತಿ ಮುಖ್ಯಸ್ಥರಿಗೆ ಸಿಕ್ಕಿದ್ದು. ಮಂಗನ ಕಾಯಿಲೆ ಬಗ್ಗೆ ಒಂದು ಪ್ಯಾರಾ ಹಾಕಲೇಬೇಕಿತ್ತು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗೊತ್ತಾದ ಕಾಯಿಲೆ ಅದು. ಹರಡುವುದು ಉಣುಗು ಕಚ್ಚಿ. ಮಂಗಗಳೂ ಅದರಿಂದ ಸಾಯುತ್ತವೆ. ಇದನ್ನು ಹೇಳದೆ ಬಿಟ್ಟಿದ್ದರೆ “ಮಂಗ ರೋಗ ಹರಡುತ್ತೆ, ಆದ್ದರಿಂದ ಕೊಲ್ಲಬೇಕು” ಅಂತ ಅರ್ಧ ಮಕ್ಕಳು ಹೇಳುವುದು ಖಾತ್ರಿಯಾಗಿತ್ತು. ನೀವು ಯಾವ ವಿಷಯ ಇಟ್ಟರೂ ಇಂಥದ್ದೊಂದು ಹಾಳೆ ಮಾಡಿ. ನಾನು ಹೇಳುವುದರಲ್ಲಿ ಬೇರೆ ಏನು ಬಿಟ್ಟರೂ ಇದನ್ನು ಬಿಡಬೇಡಿ.

ತಾರೀಖು ನಿಗದಿ ಮಾಡುವುದು ದಸರಾ ರಜೆ ದಾಟಿ ನವೆಂಬರ್‌ಗೆ ಬಂತು. ಅಷ್ಟೊತ್ತಿಗೆ ಅಡಿಕೆ ಕೊಯ್ಲು. ಮಕ್ಕಳು ಮನೆಯಲ್ಲಿ, ತೀರ್ಪುಗಾರರು ತೋಟದಲ್ಲಿ. ಒಪ್ಪಿಕೊಂಡಿದ್ದ ಹಿರಿಯರೊಬ್ಬರು ವಿಷಯ ಕೇಳಿದ ಕೂಡಲೇ, “ಅದರಲ್ಲಿ ಚರ್ಚೆ ಮಾಡೋದೇನು ತಂಗೀ, ಈ ವರ್ಷ ನನ್ನ ಅರ್ಧ ತೋಟ ಹೋಗಿದೆ” ಅಂದರು. ಅವರನ್ನು ಮೊದಲ ಸುತ್ತಿನಿಂದ ಬಿಡಿಸಿ ಅಂತಿಮ ಸುತ್ತಿಗೆ ಹಾಕಿದೆ. ಉಳಿದವರಿಗೂ ಒಂದು ಮಾತು ಬರೆದು ಕೊಟ್ಟೆ: ನಿಮ್ಮ ಅಭಿಪ್ರಾಯಕ್ಕೆ ಅಂಕ ಬೇಡ, ಎದುರಿನವರ ವಾದಕ್ಕೆ ಮಗು ಉತ್ತರ ಕೊಟ್ಟಿತಾ ನೋಡಿ. ವಿಷಯ, ಭಾಷೆ, ಮಂಡನೆ, ಪ್ರತಿವಾದ ನಾಲ್ಕಕ್ಕೂ ಹತ್ತತ್ತು ಅಂಕ. ಹಿಂದೆ ಪ್ರತಿವಾದಕ್ಕೆ ಐದೇ ಇತ್ತು.

ಹಣದ್ದು ಬೇರೆ ಗೋಳು. ಠೇವಣಿ ಅವಧಿ ಮುಗಿದು ತಾನಾಗಿ ಮುಂದುವರಿದಿತ್ತು. ಬಡ್ಡಿ ಬಿಡಿಸಲು ಇಬ್ಬರ ಸಹಿ ಬೇಕು, ಒಬ್ಬರು ಬೆಂಗಳೂರಿನಲ್ಲಿ. ಸಹಿ ಕೊರಿಯರ್‌ನಲ್ಲಿ ಹೋಗಿ ಬರುವಷ್ಟರಲ್ಲಿ ನನ್ನ ಕೈಯಿಂದಲೇ ಮುಂಗಡ ಕೊಟ್ಟಾಗಿತ್ತು. ಬಡ್ಡಿ ಬಂದದ್ದು 14,200 ರೂಪಾಯಿ. ಖರ್ಚು: ಊಟ, ಟೀ 6,800, ಬಹುಮಾನದ ಪುಸ್ತಕ 4,200, ತೀರ್ಪುಗಾರರ ಗೌರವಧನ ಮತ್ತು ಪೆಟ್ರೋಲ್ 2,400, ಮೈಕ್ 1,500, ಬಟ್ಟೆ ಬ್ಯಾನರ್ 900, ಝೆರಾಕ್ಸ್ 640, ಶೀಲ್ಡ್ ಮೇಲೆ ಹೆಸರು ಬರೆಸಲು 300. ಒಟ್ಟು 16,740. ಕಮ್ಮಿ ಬಿದ್ದ 2,540 ರೂಪಾಯಿಯನ್ನು ಹಳೆಯ ವಿದ್ಯಾರ್ಥಿಗಳು ತುಂಬಿಕೊಟ್ಟರು. ಬಿಸಿಯೂಟದ ಅಕ್ಕಿಯಲ್ಲಿ ಹೊರಗಿನ ಮಕ್ಕಳಿಗೆ ಮಾಡುವ ಹಾಗಿಲ್ಲ, ಹಾಗಾಗಿ ಊಟದ ಖರ್ಚನ್ನು ಪ್ರತ್ಯೇಕ ಇಟ್ಟುಕೊಳ್ಳಿ.

ಸ್ಪರ್ಧೆಯ ದಿನ ಬೆಳಗ್ಗೆ ನನಗೆ ಹೊಟ್ಟೆಯಲ್ಲಿ ಚಿಟ್ಟೆ ಅಲ್ಲ, ಮಂಗಗಳೇ ಕುಣಿದಿದ್ದವು ಅಂತ ಸ್ಟಾಫ್ ರೂಮಿನಲ್ಲಿ ಈಗಲೂ ರೇಗಿಸುತ್ತಾರೆ. ಮೊದಲ ಕೆಲವರು ಬರೆದುಕೊಂಡು ಬಂದದ್ದನ್ನು ಒಪ್ಪಿಸಿದರು. ಆಮೇಲೆ ಬಂದ ಹುಡುಗನೊಬ್ಬ, ಹಳ್ಳಿ ಶಾಲೆಯವನು, ವಿರೋಧದ ಕಡೆ. ಕಾಗದ ಮಡಿಸಿ ಜೇಬಿಗಿಟ್ಟು ಕೇಳಿದ: “ಮಂಗ ನಮ್ಮ ತೋಟಕ್ಕೆ ಬಂತಾ, ಇಲ್ಲ ನಮ್ಮ ತೋಟ ಮಂಗನ ಕಾಡಿಗೆ ಹೋಯ್ತಾ?” ಹಾಲ್‌ನಲ್ಲಿ ಚಪ್ಪಾಳೆ. ಪ್ರತಿವಾದದಲ್ಲಿ ಎದ್ದ ಹುಡುಗಿಗೆ ಆ ಚಪ್ಪಾಳೆಯ ಮೇಲೆ ಸಿಟ್ಟು ಬಂದಿತ್ತು ಅಂತ ಕಾಣುತ್ತದೆ. “ಕಾಡು ಕಡಿದವರು ಯಾರೋ. ಸೊಸೈಟಿ ಸಾಲ ತೀರಿಸೋರು ನಮ್ಮಪ್ಪ” ಅಂದಳು. ಬೆಲ್ ಹೊಡೆಯಬೇಕಾದ ಮೇಷ್ಟ್ರು ಹೊಡೆಯುವುದನ್ನೇ ಮರೆತರು.

ಅಂತಿಮ ಸುತ್ತಿಗೆ ಆರು ಮಕ್ಕಳು ಬಂದರು. ಚೀಟಿ ಎತ್ತಿದಾಗ ಇಬ್ಬರ ಮುಖ ಸಪ್ಪಗಾಯಿತು, ತಯಾರಿ ಮಾಡಿಕೊಂಡ ಕಡೆ ಬಂದಿರಲಿಲ್ಲ. ಅದರಲ್ಲೊಬ್ಬಳೇ ಚೆನ್ನಾಗಿ ಮಾತಾಡಿದ್ದು. 16 ದಾಟಿದವರು ಘೋರ ಅಪರಾಧ ಮಾಡಿದರೆ ದೊಡ್ಡವರ ಹಾಗೆ ವಿಚಾರಣೆ ಮಾಡಬಹುದು ಅಂತ 2015ರ ಬಾಲನ್ಯಾಯ ಕಾಯ್ದೆ ಹೇಳುತ್ತದೆ, ಅದು ಹಾಳೆಯಲ್ಲಿತ್ತು. ಅವಳು ಅದನ್ನು ಹಿಡಿದು, “ಶಿಕ್ಷೆಗೆ ದೊಡ್ಡವರು, ವೋಟಿಗೆ ಚಿಕ್ಕವರಾ?” ಅಂದಳು. ಮಕ್ಕಳ ಗ್ರಾಮಸಭೆಯಲ್ಲಿ ತನ್ನೂರಿನ ಮಕ್ಕಳು ಶಾಲೆ ದಾರಿಗೆ ಕಾಲುಸಂಕ ಕೇಳಿದ್ದರಂತೆ. “ಬರೆದುಕೊಂಡರು. ನಮಗೆ ವೋಟು ಇದ್ದಿದ್ದರೆ ಕಟ್ಟುತ್ತಿದ್ದರು.” ಎದುರಿನ ಹುಡುಗ ಬಿಡಲಿಲ್ಲ. “16ಕ್ಕೆ ವೋಟು ಕೊಟ್ಟರೆ ನಾವು ಅಪ್ಪ ಹೇಳಿದವರಿಗೇ ಹಾಕ್ತೀವಿ. ಅಪ್ಪನಿಗೆ ಎರಡು ವೋಟು ಕೊಟ್ಟಂಗಾಯ್ತು.” ಅವಳು ಕೂತಲ್ಲಿಂದಲೇ, “18 ಆದವರು ಹಾಕಲ್ವಾ?” ಅಂದುಬಿಟ್ಟಳು. ನಿಯಮ ಪ್ರಕಾರ ಅದು ತಪ್ಪು, ಒಂದು ಅಂಕ ಹೋಯಿತು. ತೋಟ ಕಳೆದುಕೊಂಡ ಹಿರಿಯರು ತೀರ್ಪುಗಾರರ ಕುರ್ಚಿಯಲ್ಲಿ ಕೂತು ನಗು ತಡೆಯಲಾರದೆ ಕೆಮ್ಮಿದರು. ಆ ಅಂಕ ಹೋದರೂ ಅವಳೇ ಮೊದಲು ಬಂದಳು.

ಎಲ್ಲ ಸುಸೂತ್ರ ಅಂತೇನಿಲ್ಲ. ಫಲಿತಾಂಶದ ಮಾರನೆ ದಿನ ಒಂದು ಶಾಲೆಯಿಂದ ಪತ್ರ ಬಂತು. ವಿಷಯ ಹಳ್ಳಿ ಮಕ್ಕಳಿಗೆ ಅನುಕೂಲವಾಗುವಂತೆ ಇತ್ತು, ಪೇಟೆಯ ನಮ್ಮ ಮಕ್ಕಳಿಗೆ ತೋಟ, ಕಾಡು ಗೊತ್ತಿಲ್ಲ ಅಂತ. ನಾನು ಉತ್ತರ ಬರೆಯುವ ಮೊದಲು ಅಂಕಪಟ್ಟಿ ತೆಗೆದು ನೋಡಿದೆ. ಮೊದಲ ಸುತ್ತಿನಲ್ಲಿ ಪರ–ವಿರೋಧ ಎರಡೂ ಕಡೆಯವರು ಹೆಚ್ಚೂಕಮ್ಮಿ ಸಮ ಇದ್ದರು. ಪೇಟೆ ಶಾಲೆಗಳು ನಿಜಕ್ಕೂ ಹಿಂದೆ ಬಿದ್ದಿದ್ದವು. ದೂರಿನಲ್ಲಿ ಹುರುಳಿದೆ. ಆದರೆ ಇಷ್ಟು ವರ್ಷ ಮೊಬೈಲ್, ಕಂಪ್ಯೂಟರ್ ವಿಷಯ ಇಟ್ಟಾಗ ಹಳ್ಳಿ ಶಾಲೆಯವರು ಯಾರೂ ಪತ್ರ ಬರೆದಿರಲಿಲ್ಲ ಅನ್ನುವುದೂ ನೆನಪಿಗೆ ಬಂತು. ಅಂಕಪಟ್ಟಿಯ ನಕಲು ಲಗತ್ತಿಸಿ, ಮುಂದಿನ ಸಲ ವಿಷಯದ ಪಟ್ಟಿಯನ್ನು ಎಲ್ಲ ಶಾಲೆಗೂ ಕಳಿಸಿ ಮಕ್ಕಳಿಂದಲೇ ವೋಟು ತರಿಸುತ್ತೇವೆ, ನಿಮ್ಮ ಶಾಲೆಯೂ ಎರಡು ವಿಷಯ ಸೂಚಿಸಲಿ ಅಂತ ಬರೆದಿದ್ದೇನೆ. ಹೆಚ್.ಎಂ. ಸರ್ ಸಹಿ ಹಾಕಿದ್ದಾರೆ.

ಈ ಕೆಲಸ ಮುಂದೆ ಯಾರಿಗೆ ಬಂದರೂ ಜೂನ್‌ನಲ್ಲೇ ಶುರು ಮಾಡಿ, ಪ್ರತಿಭಾ ಕಾರಂಜಿಗೆ ಮೊದಲೇ ಒಪ್ಪಿಗೆ ತಗೊಳ್ಳಿ. ಅಂಕಪಟ್ಟಿ, ಇನ್‌ವರ್ಡ್ ಪ್ರತಿ, ಪೋಷಕರ ಒಪ್ಪಿಗೆ ಪತ್ರ ಮೂರನ್ನೂ ಒಂದೇ ಫೈಲಿನಲ್ಲಿಡಿ. ವಿಡಿಯೋ ಮಾಡುವವರಿದ್ದರೆ ಪ್ರತಿ ಮಗು “ನನಗೆ ಬಂದಿರುವುದು ಪರ” ಅಥವಾ “ವಿರೋಧ” ಅಂತ ಹೇಳಿಯೇ ಮಾತು ಶುರು ಮಾಡಲಿ, ಸಾಧ್ಯವಾದರೆ ಮೈಕಿಗೇ ಒಂದು ಬೋರ್ಡು ಕಟ್ಟಿ. ನಾವು ಬಳಸದೆ ಉಳಿಸಿದ ಕಡ್ಡಾಯ ಮತದಾನದ ಹಾಳೆ ಸಿದ್ಧವಾಗಿದೆ. ಬೇಕಾದವರು ಬದಲಾಯಿಸಿಕೊಂಡು ಬಳಸಿಕೊಳ್ಳಬಹುದು, ಆದರೆ ದಂಡದ ಲೆಕ್ಕಕ್ಕೇ ಇಳಿಯಬೇಡಿ ಅಂತ ಮಕ್ಕಳಿಗೆ ಮೊದಲೇ ಹೇಳಿಬಿಡಿ.